ಬ್ಯಾಕಪ್ ನಿಂತಾಗ ಡಿಸ್ಕ್ ಹೇಳುತ್ತಿರುವುದೇನು?

2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ವಿಂಡೋಸ್ 10ರ ಸಾಮಾನ್ಯ ಬೆಂಬಲ ನಿಲ್ಲಿಸಿತು. ಆಗಿನಿಂದ ಹಳೆಯ ಕಂಪ್ಯೂಟರ್ ಇಟ್ಟುಕೊಂಡವರಿಗೆಲ್ಲ ಒಂದೇ ಉಪದೇಶ: ವಿಂಡೋಸ್ 11ಕ್ಕೆ ಹೋಗುವ ಮೊದಲು ಇಡೀ ಡಿಸ್ಕಿನ ಇಮೇಜ್ ತೆಗೆದಿಟ್ಟುಕೊಳ್ಳಿ. ಉಪದೇಶವೇನೋ ಸರಿಯಾದದ್ದೇ. ಅಂಗಡಿಯಿಂದ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ತಂದು, ಯಾವುದೋ ಒಂದು ಪ್ರೋಗ್ರಾಮ್ ಇಳಿಸಿಕೊಂಡು, ರಾತ್ರಿ ಊಟವಾದ ಮೇಲೆ ಬ್ಯಾಕಪ್ ಶುರು ಮಾಡಿ ಮಲಗುತ್ತಾರೆ. ಬೆಳಿಗ್ಗೆ ಎದ್ದು ನೋಡಿದರೆ ಶೇ 60ಕ್ಕೋ 70ಕ್ಕೋ ಬಂದು ನಿಂತಿರುತ್ತದೆ. ಕೆಂಪು ಗುರುತಿನ ಪಕ್ಕದಲ್ಲಿ ಸೊನ್ನೆ, ಎಕ್ಸ್, ಎಂಟು ಎಂದು ಶುರುವಾಗುವ ಉದ್ದನೆಯ ಸಂಖ್ಯೆಯೊಂದು ಇರುತ್ತದೆ.

ಮುಂದೆ ಆಗುವುದೂ ಹೆಚ್ಚುಕಮ್ಮಿ ಎಲ್ಲ ಮನೆಯಲ್ಲೂ ಒಂದೇ. ಕಂಪ್ಯೂಟರ್ ಆಫ್ ಮಾಡಿ ಆನ್ ಮಾಡುತ್ತಾರೆ. ಇನ್ನೊಮ್ಮೆ ಪ್ರಯತ್ನಿಸುತ್ತಾರೆ. ಈ ಪ್ರೋಗ್ರಾಮೇ ಸರಿಯಿಲ್ಲವೆಂದು ಬೈದು ಬೇರೆಯದನ್ನು ಹಾಕುತ್ತಾರೆ. ಕೊನೆಗೆ ಸೆಟ್ಟಿಂಗ್ಸ್‌ನಲ್ಲಿ ‘ಕೆಟ್ಟ ಸೆಕ್ಟರ್‌ಗಳನ್ನು ಲೆಕ್ಕಿಸಬೇಡ’ ಎಂಬ ಆಯ್ಕೆ ಕಣ್ಣಿಗೆ ಬಿದ್ದು, ಅದಕ್ಕೆ ಟಿಕ್ ಹಾಕಿಬಿಡುತ್ತಾರೆ. ಬ್ಯಾಕಪ್ ಶೇ 100 ಮುಟ್ಟುತ್ತದೆ, ಹಸಿರು ಗುರುತು ಬರುತ್ತದೆ, ಎಲ್ಲರಿಗೂ ಸಮಾಧಾನವಾಗುತ್ತದೆ. ಆ ಟಿಕ್ ಹಾಕುವ ಮೊದಲು ಸ್ವಲ್ಪ ತಡೆಯಿರಿ ಎಂದು ಹೇಳುವುದಕ್ಕೇ ಈ ಅಂಕಣ.

ಇಮೇಜ್ ಎಂದರೆ ಏನೆಂಬುದನ್ನು ಮೊದಲು ಸ್ಪಷ್ಟ ಮಾಡಿಕೊಳ್ಳೋಣ. ಫೋಟೊ, ದಾಖಲೆಗಳ ಫೋಲ್ಡರನ್ನು ಇನ್ನೊಂದು ಡಿಸ್ಕಿಗೆ ಕಾಪಿ ಮಾಡಿದರೆ ಅದು ಕಡತಗಳ ಬ್ಯಾಕಪ್. ಇಮೇಜ್ ಹಾಗಲ್ಲ. ಅದು ವಿಂಡೋಸ್, ಅದರೊಳಗೆ ಕೂರಿಸಿದ ಪ್ರೋಗ್ರಾಮ್‌ಗಳು, ಫಾಂಟ್‌ಗಳು, ಪ್ರಿಂಟರಿನ ಹೊಂದಾಣಿಕೆ, ಬೂಟ್ ಆಗಲು ಬೇಕಾದ ಕಣ್ಣಿಗೆ ಕಾಣದ ಪಾರ್ಟಿಷನ್‌ಗಳು, ಎಲ್ಲವನ್ನೂ ಇದ್ದ ಜಾಗದಲ್ಲೇ ಇದ್ದಹಾಗೆ ಹಿಡಿದಿಡುತ್ತದೆ. ನುಡಿ, ಬರಹ, ಶ್ರೀಲಿಪಿಯ ಹಳೆಯ ಆವೃತ್ತಿಗಳಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವರಿಗೆ ಇದರ ಬೆಲೆ ಬೇಗ ತಿಳಿಯುತ್ತದೆ. ಯೂನಿಕೋಡ್ ಅಲ್ಲದ ಫಾಂಟಿನಲ್ಲಿ ಟೈಪ್ ಮಾಡಿದ ಕಡತವನ್ನು ಹೊಸ ಕಂಪ್ಯೂಟರಿನಲ್ಲಿ ತೆರೆದರೆ ಅಕ್ಷರಗಳ ಜಾಗದಲ್ಲಿ ಅರ್ಥವಿಲ್ಲದ ಗುರುತುಗಳು ಕಾಣುತ್ತವೆ. ಆ ಫಾಂಟಿನ ಸಿ.ಡಿ. ಎಲ್ಲಿದೆ ಎಂದು ಹುಡುಕಾಟ ಶುರುವಾಗುತ್ತದೆ. ಇಮೇಜ್ ಇದ್ದರೆ ಆ ಹುಡುಕಾಟ ಬೇಕಿಲ್ಲ.

ಇಮೇಜ್ ತೆಗೆಯುವ ಪ್ರೋಗ್ರಾಮ್ ಡಿಸ್ಕಿನಲ್ಲಿ ಬಳಕೆಯಲ್ಲಿರುವ ಪ್ರತಿಯೊಂದು ಸೆಕ್ಟರನ್ನೂ, ಎಂದರೆ ಪ್ರತಿಯೊಂದು ಪುಟ್ಟ ತುಂಡನ್ನೂ, ಓದಲೇಬೇಕು. ದಿನನಿತ್ಯದ ಕೆಲಸದಲ್ಲಿ ನಾವು ಓದಿಸುವುದು ಡಿಸ್ಕಿನ ಒಂದು ಸಣ್ಣ ಭಾಗ ಮಾತ್ರ: ವಿಂಡೋಸಿನ ಕಡತಗಳು, ಬ್ರೌಸರ್, ಈ ತಿಂಗಳ ಲೆಕ್ಕದ ಹಾಳೆ. 2016ರ ಗೃಹಪ್ರವೇಶದ ಫೋಟೊಗಳಿರುವ ಜಾಗವನ್ನು ವರ್ಷಗಳಿಂದ ಯಾರೂ ಮುಟ್ಟಿರುವುದಿಲ್ಲ. ಅಟ್ಟದ ಮೇಲಿನ ಸಾಮಾನನ್ನು ಕೆಳಗಿಳಿಸಿದ ದಿನವೇ ಗೆದ್ದಲು ಹಿಡಿದದ್ದು ಗೊತ್ತಾಗುವುದು. ಹುಳ ಬಂದದ್ದು ಅವತ್ತಲ್ಲ. ಹಾಗಾಗಿ ‘ಕಂಪ್ಯೂಟರ್ ಚೆನ್ನಾಗಿಯೇ ಓಡುತ್ತಿದೆ, ಬ್ಯಾಕಪ್ ಮಾತ್ರ ಆಗುತ್ತಿಲ್ಲ’ ಎಂಬ ದೂರಿನಲ್ಲಿ ವಿರೋಧಾಭಾಸವೇನೂ ಇಲ್ಲ. ಡಿಸ್ಕ್ ಕೆಟ್ಟಿರುವ ಸಂಗತಿಯನ್ನು ಮೊದಲು ಕಂಡುಹಿಡಿದದ್ದು ಬ್ಯಾಕಪ್, ಅಷ್ಟೇ.

ಆದ್ದರಿಂದ ದೋಷ ಬಂದಾಗ ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ: ಎಡವಿದ್ದು ಓದುವಾಗಲೋ, ಬರೆಯುವಾಗಲೋ? ಓದುವಾಗ ಎಡವಿದ್ದರೆ ನಿಮ್ಮ ಕಂಪ್ಯೂಟರಿನೊಳಗಿನ ಡಿಸ್ಕಿಗೆ ಅಪಾಯ. ಬರೆಯುವಾಗ ಎಡವಿದ್ದರೆ ಹೊರಗಿನ ಡಿಸ್ಕ್, ಅದರ ಕೇಬಲ್, ಯುಎಸ್‌ಬಿ ಪೋರ್ಟ್, ಇವುಗಳಲ್ಲೊಂದರ ತಕರಾರು. ಮೊದಲನೆಯದು ಗಾಬರಿಪಡಬೇಕಾದ್ದು. ಎರಡನೆಯದು ಸಾಮಾನ್ಯವಾಗಿ ಒಂದು ಸಂಜೆಯ ಕೆಲಸ.

ಉತ್ತರ ಆ ಉದ್ದನೆಯ ಸಂಖ್ಯೆಯಲ್ಲೇ ಅಡಗಿದೆ. 8007 ಎಂದು ಶುರುವಾಗಿದ್ದರೆ ಕೊನೆಯ ನಾಲ್ಕು ಅಂಕಿಗಳು ವಿಂಡೋಸಿನ ಸಾಧಾರಣ ದೋಷಸಂಖ್ಯೆಯೇ. ಹದಿನಾರರ ಮಾನದಲ್ಲಿ ಬರೆದಿರುತ್ತಾರೆ ಎಂಬುದಷ್ಟೇ ವ್ಯತ್ಯಾಸ. ವಿಂಡೋಸಿನ ಕ್ಯಾಲ್ಕುಲೇಟರನ್ನು ಪ್ರೋಗ್ರಾಮರ್ ಮೋಡ್‌ಗೆ ಹಾಕಿದರೆ ದಶಮಾನಕ್ಕೆ ಪರಿವರ್ತಿಸಿಕೊಡುತ್ತದೆ. 80070017ರ ಬಾಲ 23 ಆಗುತ್ತದೆ, 80070070ರದು 112, 8007045ಡಿ ಎಂಬುದರದು 1117. ಈಗ ಕಮಾಂಡ್ ಪ್ರಾಂಪ್ಟ್ ತೆರೆದು ‘ನೆಟ್ ಹೆಲ್ಪ್‌ಎಂಎಸ್‌ಜಿ 23’ ಎಂದು ಟೈಪಿಸಿದರೆ ವಿಂಡೋಸೇ ಒಂದು ಸಾಲಿನಲ್ಲಿ ಅರ್ಥ ಹೇಳುತ್ತದೆ. ಇಷ್ಟು ಉಪಯುಕ್ತವಾದ ಆಜ್ಞೆಯನ್ನು ಮೈಕ್ರೋಸಾಫ್ಟ್ ಇಷ್ಟು ಮೂಲೆಯಲ್ಲಿ ಯಾಕೆ ಇಟ್ಟಿದೆಯೋ! ಕೆಲವು ಬ್ಯಾಕಪ್ ಪ್ರೋಗ್ರಾಮ್‌ಗಳು ನೇರವಾಗಿ 23, 1117, 121 ಎಂದೇ ತೋರಿಸುವುದೂ ಉಂಟು.

112 ಎಂದರೆ ಜಾಗ ಸಾಲದು. 1117 ಎಂದರೆ ಸಾಧನದ ಜೊತೆಗಿನ ವ್ಯವಹಾರವೇ ಮುರಿದುಬಿತ್ತು. 121 ಎಂದರೆ ಕಾದು ಕಾದು ಗಡುವು ಮುಗಿಯಿತು; ಯುಎಸ್‌ಬಿ ಡಿಸ್ಕ್ ನಡುವೆ ಕೈಕೊಟ್ಟಾಗ, ನೆಟ್‌ವರ್ಕ್ ಕಡಿದಾಗ ಹೀಗಾಗುತ್ತದೆ. 23 ಸಿಆರ್‌ಸಿ ದೋಷ. ನಾಲ್ಕರಲ್ಲಿ ಗಂಭೀರವಾಗಿ ತೆಗೆದುಕೊಳ್ಳಬೇಕಾದದ್ದು ಇದೇ.

ಸಿಆರ್‌ಸಿ ಎಂದರೆ ಸೈಕ್ಲಿಕ್ ರಿಡಂಡೆನ್ಸಿ ಚೆಕ್. ವೆಸ್ಲಿ ಪೀಟರ್‌ಸನ್ ಎಂಬ ಗಣಿತಜ್ಞ 1961ರಲ್ಲಿ ರೂಪಿಸಿಕೊಟ್ಟ ಲೆಕ್ಕಾಚಾರವಿದು. ಮಾಹಿತಿಯ ಜೊತೆಗೆ ಅದರಿಂದಲೇ ಲೆಕ್ಕ ಹಾಕಿದ ಸಣ್ಣದೊಂದು ಸಂಖ್ಯೆಯನ್ನೂ ಇಡುವುದು. ಓದುವಾಗ ಮತ್ತೆ ಲೆಕ್ಕ ಹಾಕಿ ತಾಳೆ ನೋಡುವುದು. ಇವತ್ತಿನ ಹಾರ್ಡ್ ಡಿಸ್ಕುಗಳು ಇದಕ್ಕಿಂತ ಬಲವಾದ ವಿಧಾನಗಳನ್ನು ಬಳಸಿ ಪ್ರತಿ ಸೆಕ್ಟರಿನ ಸಣ್ಣಪುಟ್ಟ ತಪ್ಪುಗಳನ್ನು ತಾವೇ ತಿದ್ದಿಕೊಳ್ಳುತ್ತವೆ. ನಮಗೆ ಗೊತ್ತೇ ಆಗುವುದಿಲ್ಲ. ತಿದ್ದಲಾಗದಷ್ಟು ಕೆಟ್ಟಾಗ ಮಾತ್ರ ಡಿಸ್ಕ್ ಕೈಚೆಲ್ಲುತ್ತದೆ, ವಿಂಡೋಸ್ 23 ಎನ್ನುತ್ತದೆ. ಅಂದರೆ ಈ ಸಂದೇಶ ಪರದೆಗೆ ಬರುವ ಹೊತ್ತಿಗೆ ಡಿಸ್ಕ್ ತನ್ನಿಂದಾದ ಪ್ರಯತ್ನವನ್ನೆಲ್ಲ ಮಾಡಿ ಸೋತಿರುತ್ತದೆ.

ಡಿಸ್ಕಿನ ಸ್ಥಿತಿ ಎಷ್ಟು ಕೆಟ್ಟಿದೆ ಎಂದು ತಿಳಿಯಲು ಅದು ತನ್ನ ಬಗ್ಗೆ ತಾನೇ ಬರೆದಿಟ್ಟುಕೊಳ್ಳುವ ಸ್ಮಾರ್ಟ್ ದಾಖಲೆ ಇದೆ. ಜಪಾನಿನ ಡೆವಲಪರ್ ಒಬ್ಬರು ಮಾಡಿದ ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಉಚಿತ ಪ್ರೋಗ್ರಾಮ್ ಅದನ್ನು ಓದಿ ತೋರಿಸುತ್ತದೆ. ಸಾಲುಗಳು ಹತ್ತಾರು ಇದ್ದರೂ ನೋಡಬೇಕಾದವು ನಾಲ್ಕು. 5ನೆಯ ಗುಣಲಕ್ಷಣ, ಕೆಟ್ಟು ಬದಲಿ ಜಾಗಕ್ಕೆ ಹೋದ ಸೆಕ್ಟರ್‌ಗಳ ಲೆಕ್ಕ. 197, ಓದಲಾಗದೆ ತೀರ್ಮಾನಕ್ಕಾಗಿ ಕಾಯುತ್ತಿರುವವು. 198, ತಿದ್ದಲಾಗದವು. ಈ ಮೂರರ ಮುಂದೆ ಸೊನ್ನೆ ಇರಬೇಕು. ಆ ಪ್ರೋಗ್ರಾಮ್ ಈ ಅಂಕಿಗಳನ್ನು ಹದಿನಾರರ ಮಾನದಲ್ಲಿ ತೋರಿಸುವುದರಿಂದ ಸಾಲಿನ ಕೊನೆಯಲ್ಲಿ ‘ಎ’ ಕಂಡರೆ ಹತ್ತು ಎಂದು ಓದಿಕೊಳ್ಳಿ. ನಾಲ್ಕನೆಯದು 199. ಇದು ಏರಿದ್ದು, ಉಳಿದ ಮೂರು ಸೊನ್ನೆಯಲ್ಲೇ ಇದ್ದರೆ ನೆಮ್ಮದಿ ಪಡಬಹುದು. ಅದು ಡಿಸ್ಕಿಗೂ ಮದರ್‌ಬೋರ್ಡಿಗೂ ನಡುವೆ ಸಾಗುವಾಗ ಹಾಳಾದ ಮಾಹಿತಿಯ ಲೆಕ್ಕ. ಬಹುಪಾಲು ಸಲ ತಪ್ಪು ಸಾಟಾ ಕೇಬಲಿನದು. ಡೆಸ್ಕ್‌ಟಾಪ್ ಬಿಚ್ಚಿ ಬೇರೆ ಕೇಬಲ್ ಹಾಕಿದರೆ ಮುಗಿಯಿತು. ಹಳೆಯ ಲೆಕ್ಕ ಅಳಿಯುವುದಿಲ್ಲ, ಹಾಗಾಗಿ ಕೇಬಲ್ ಬದಲಿಸಿದ ಮೇಲೆ ಸಂಖ್ಯೆ ಮತ್ತೆ ಏರುತ್ತಿದೆಯೇ ಎಂಬುದನ್ನಷ್ಟೇ ಗಮನಿಸಿ. ಸಾವಿರಾರು ರೂಪಾಯಿಯ ಡಿಸ್ಕನ್ನು ಸುಮ್ಮನೆ ಎಸೆದವರು ಎಷ್ಟು ಮಂದಿಯೋ.

197 ಅಥವಾ 198 ಸೊನ್ನೆ ದಾಟಿದ್ದರೆ? ಇಲ್ಲೇ ಹೆಚ್ಚಿನವರು ಎಡವುವುದು. ಯಾರನ್ನು ಕೇಳಿದರೂ ಮೊದಲು ಬರುವ ಸಲಹೆ, ‘ಚೆಕ್‌ಡಿಸ್ಕ್ ಓಡಿಸಿ.’ ಅದರ ‘ಆರ್’ ಆಯ್ಕೆ ಡಿಸ್ಕಿನ ಮೂಲೆಮೂಲೆಯನ್ನೂ ಓದಿ, ಕೆಟ್ಟ ಜಾಗಗಳನ್ನು ಗುರುತಿಸಿ, ಕಡತವ್ಯವಸ್ಥೆಯನ್ನು ತಿದ್ದುತ್ತದೆ. ಗಟ್ಟಿಮುಟ್ಟಾದ ಡಿಸ್ಕಿನಲ್ಲಿ ವಿದ್ಯುತ್ ಹೋಗಿ ಕಡತವ್ಯವಸ್ಥೆ ಅಸ್ತವ್ಯಸ್ತವಾಗಿದ್ದರೆ ಇದು ಒಳ್ಳೆಯ ಉಪಾಯ. ಸಾಯುತ್ತಿರುವ ಡಿಸ್ಕಿಗೆ ಇದನ್ನು ಹಚ್ಚಿದರೆ ಗಂಟೆಗಟ್ಟಲೆ ಅದನ್ನು ದುಡಿಸಿದಂತಾಗುತ್ತದೆ. ಅದೂ ನಿಮ್ಮ ಫೋಟೊಗಳಿಗೆ ಇನ್ನೊಂದು ಪ್ರತಿ ಇಲ್ಲದ ಹೊತ್ತಿನಲ್ಲಿ. ಮೇಲಾಗಿ ಅದರ ಗುರಿ ಕಡತವ್ಯವಸ್ಥೆಯನ್ನು ಸುಸ್ಥಿತಿಗೆ ತರುವುದು. ನಿಮ್ಮ ಕಡತ ಉಳಿಸುವುದು ಅದರ ಮೊದಲ ಕೆಲಸವಲ್ಲ. ಹೊಂದಿಕೆಯಾಗದ ತುಂಡುಗಳನ್ನು ಅದು ಕತ್ತರಿಸಿ ಬದಿಗಿಟ್ಟುಬಿಡಬಹುದು.

ನನ್ನ ಮಟ್ಟಿಗೆ ಕ್ರಮ ಹೀಗಿರಬೇಕು. ಇಮೇಜಿನ ಆಸೆ ಸದ್ಯಕ್ಕೆ ಬಿಡಿ. ಮತ್ತೆ ಸಿಗದ ಕಡತಗಳನ್ನು ಮೊದಲು, ಸಾಮಾನ್ಯ ಕಾಪಿ ಪೇಸ್ಟ್‌ನಿಂದಲೇ ಆದರೂ, ಹೊರಗೆ ತನ್ನಿ: ಮನೆಯವರ ಫೋಟೊ, ಪಹಣಿ ಮತ್ತು ಕ್ರಯಪತ್ರದ ಸ್ಕ್ಯಾನ್, ತೆರಿಗೆ ದಾಖಲೆ, ಮಕ್ಕಳ ಅಂಕಪಟ್ಟಿ. ಒಂದೊಂದೇ ಫೋಲ್ಡರ್ ತೆಗೆದುಕೊಳ್ಳಿ. ಒಂದು ಕಡತ ಸಿಕ್ಕಿಹಾಕಿಕೊಂಡರೆ ಅದನ್ನು ಬಿಟ್ಟು ಮುಂದೆ ಹೋಗಿ. ಅದಾದ ಮೇಲೆ ಇಮೇಜ್ ಪ್ರೋಗ್ರಾಮಿಗೆ ಕೆಟ್ಟ ಸೆಕ್ಟರ್ ದಾಟಿ ಮುಂದುವರಿಯಲು ಹೇಳಬಹುದು. ಈಗ ಆ ಟಿಕ್ ಹಾಕಿದರೆ ತಪ್ಪಿಲ್ಲ. ಆದರೆ ಆ ಇಮೇಜಿನಲ್ಲಿ ತೂತುಗಳಿವೆ ಎಂಬುದು ನೆನಪಿರಲಿ. ಓದಲಾಗದ ಜಾಗದಲ್ಲಿದ್ದದ್ದು ಯಾವ ಕಡತವೆಂದು ಅದು ಹೇಳುವುದಿಲ್ಲ. ಅದರ ಹೆಸರಿನಲ್ಲೇ ‘ದೋಷವಿದೆ’ ಎಂದು ಬರೆದಿಡುವುದು ಲೇಸು.

ಡಿಸ್ಕ್ ತೀರಾ ಹದಗೆಟ್ಟಿದ್ದರೆ ಲಿನಕ್ಸ್ ಬಳಗದ ಗ್ನೂ ಡಿಡಿರೆಸ್ಕ್ಯೂ ಎಂಬ ಉಪಕರಣವಿದೆ. ಅದರ ಜಾಣತನ ನನಗೆ ಬಲು ಇಷ್ಟ. ಕೆಟ್ಟ ಜಾಗ ಎದುರಾದರೆ ಅಲ್ಲೇ ಹಟಕ್ಕೆ ಬೀಳದೆ ಹಾರಿ ಮುಂದಿನ ಒಳ್ಳೆಯ ಭಾಗವನ್ನು ಮೊದಲು ಬಾಚಿಕೊಳ್ಳುತ್ತದೆ. ಎಲ್ಲೆಲ್ಲಿ ಏನು ಸಿಕ್ಕಿತು, ಏನು ಸಿಗಲಿಲ್ಲವೆಂದು ಒಂದು ನಕ್ಷೆಯ ಕಡತದಲ್ಲಿ ಬರೆದಿಟ್ಟುಕೊಂಡು, ಕಷ್ಟದ ಜಾಗಗಳಿಗೆ ಕೊನೆಯಲ್ಲಿ ಮರಳುತ್ತದೆ. ನಡುವೆ ವಿದ್ಯುತ್ ಹೋದರೂ ಆ ನಕ್ಷೆ ಇದ್ದರೆ ಬಿಟ್ಟಲ್ಲಿಂದ ಮುಂದುವರಿಯಬಹುದು. ಡಿಸ್ಕಿನಿಂದ ಟಕ್ ಟಕ್ ಸದ್ದು ಬರುತ್ತಿದ್ದರೆ ಮಾತ್ರ ಇದನ್ನೂ ಮಾಡಬೇಡಿ. ತಕ್ಷಣ ಆಫ್ ಮಾಡಿ, ದತ್ತಾಂಶ ಮರಳಿ ಪಡೆಯುವ ವೃತ್ತಿಪರರ ಬಳಿ ಒಯ್ಯಿರಿ. ಎಸ್‌ಎಸ್‌ಡಿ ಆದರೆ ಸದ್ದೂ ಇರುವುದಿಲ್ಲ. ಅದು ಹೆಚ್ಚಾಗಿ ಮುನ್ಸೂಚನೆ ಕೊಡದೆ ಹೋಗುತ್ತದೆ. ಅಲ್ಲಿ ಬರುವ ಒಂದು ಓದುವಿಕೆಯ ದೋಷವನ್ನೂ ನಾನು ಹಾರ್ಡ್ ಡಿಸ್ಕಿನ ಹತ್ತು ದೋಷಗಳಿಗೆ ಸಮ ಎಂದು ನೋಡುತ್ತೇನೆ.

ಬರೆಯುವ ಕಡೆಯ ತೊಂದರೆಗಳು ಇಷ್ಟು ಭೀಕರವಲ್ಲ. ಎಕ್ಸ್‌ಟರ್ನಲ್ ಡಿಸ್ಕನ್ನು ಡೆಸ್ಕ್‌ಟಾಪಿನ ಮುಂಭಾಗದ ಪೋರ್ಟಿಗೋ ಯುಎಸ್‌ಬಿ ಹಬ್ಬಿಗೋ ಹಾಕಿದ್ದರೆ ಹಿಂಭಾಗದ ಪೋರ್ಟಿಗೆ ಬದಲಿಸಿ. ಎರಡೂವರೆ ಇಂಚಿನ ಡಿಸ್ಕುಗಳಿಗೆ ಬೇರೆ ವಿದ್ಯುತ್ ಇಲ್ಲ, ಪೋರ್ಟ್ ಕೊಟ್ಟಷ್ಟೇ ಗತಿ. ಯುಎಸ್‌ಬಿ 2 ಪೋರ್ಟಿನ ಮಿತಿ 500 ಮಿಲಿ ಆಂಪಿಯರ್, ಯುಎಸ್‌ಬಿ 3ರದು 900. ಗಂಟೆಗಟ್ಟಲೆ ಬರೆಯುವಾಗ ಆ ವ್ಯತ್ಯಾಸ ಗೊತ್ತಾಗುತ್ತದೆ. ಲ್ಯಾಪ್‌ಟಾಪ್ ನಡುವೆ ನಿದ್ದೆಗೆ ಜಾರದಂತೆ ಪವರ್ ಸೆಟ್ಟಿಂಗ್ ಬದಲಿಸಿ. ಡೆಸ್ಕ್‌ಟಾಪ್ ಆದರೆ ಯುಪಿಎಸ್ ಇಲ್ಲದೆ ಇಮೇಜ್ ತೆಗೆಯಲು ಕೂರಬೇಡಿ. ನಮ್ಮ ಬೇಸಿಗೆ, ಮಳೆಗಾಲಗಳ ವಿದ್ಯುತ್ತಿನ ಕತೆ ಗೊತ್ತಿದ್ದದ್ದೇ. ಪ್ರತಿ ಸಲವೂ ಸರಿಯಾಗಿ 4 ಜಿಬಿಗೆ ಬಂದು ನಿಲ್ಲುತ್ತಿದ್ದರೆ ಆ ಡಿಸ್ಕಿನಲ್ಲಿ ಫ್ಯಾಟ್32 ವ್ಯವಸ್ಥೆ ಇದೆ ಎಂದು ಅರ್ಥ. ಅದರಲ್ಲಿ ಒಂದು ಕಡತ 4 ಜಿಬಿಯಷ್ಟು ದೊಡ್ಡದಾಗಿರುವಂತಿಲ್ಲ. ಡಿಸ್ಕಿನಲ್ಲಿರುವುದನ್ನು ಬೇರೆಡೆಗೆ ಸಾಗಿಸಿ, ಎನ್‌ಟಿಎಫ್‌ಎಸ್‌ಗೆ ಫಾರ್ಮ್ಯಾಟ್ ಮಾಡಿದರೆ ಆ ತಂಟೆ ಮುಗಿಯುತ್ತದೆ.

ಇನ್ನು ಆನ್‌ಲೈನಿನಲ್ಲಿ ನಂಬಲಾಗದಷ್ಟು ಅಗ್ಗಕ್ಕೆ ಸಿಗುವ 2 ಟಿಬಿಯ ಪೆನ್ ಡ್ರೈವ್. ಅದರ ಒಳಗೆ ಇರುವುದು 32 ಅಥವಾ 64 ಜಿಬಿ. ಕಂಟ್ರೋಲರ್ ಮಾತ್ರ 2 ಟಿಬಿ ಎಂದು ಸುಳ್ಳು ಹೇಳುತ್ತದೆ. ಬರೆಯುವಾಗ ಯಾವ ದೋಷವೂ ಬರುವುದಿಲ್ಲ, ಆದರೆ ಒಳಗಿನ ನಿಜವಾದ ಮಿತಿ ದಾಟಿದ ಮೇಲೆ ಬರೆದದ್ದು ಸರಿಯಾಗಿ ಉಳಿದಿರುವುದಿಲ್ಲ. ಜರ್ಮನಿಯ ಸಿಟಿ ಎಂಬ ಕಂಪ್ಯೂಟರ್ ಪತ್ರಿಕೆಯವರು ಕೊಟ್ಟ ಎಚ್2ಟೆಸ್ಟ್‌ಡಬ್ಲ್ಯು ಎಂಬ ಪುಟ್ಟ ಪ್ರೋಗ್ರಾಮ್ ಇಡೀ ಡ್ರೈವನ್ನು ತುಂಬಿಸಿ, ಮತ್ತೆ ಓದಿ ಈ ಮೋಸವನ್ನು ಬಯಲು ಮಾಡುತ್ತದೆ. ಹೊಸ ಡ್ರೈವ್ ಕೊಂಡ ದಿನವೇ ಓಡಿಸಿ, ವಾಪಸ್ ಕೊಡುವ ಅವಧಿ ಮುಗಿಯುವ ಮೊದಲು.

ಓದುವುದೂ ಅಲ್ಲದ ಬರೆಯುವುದೂ ಅಲ್ಲದ ಮೂರನೆಯ ಬಗೆ ಇದೆ. ಹಳಬರನ್ನೂ ತಬ್ಬಿಬ್ಬು ಮಾಡುವುದು ಅದೇ. ವಿಂಡೋಸ್ ಓಡುತ್ತಿರುವಾಗಲೇ ಅದರ ಇಮೇಜ್ ತೆಗೆಯುವುದು ಸುಲಭದ ಮಾತಲ್ಲ. ಒಂದು ಗಂಟೆ ಓದುವ ಹೊತ್ತಿಗೆ ಮೊದಲು ಓದಿದ ಭಾಗವೇ ಬದಲಾಗಿರುತ್ತದೆ. ಇದಕ್ಕೆ ವಿಂಡೋಸ್ ಎಕ್ಸ್‌ಪಿ ಕಾಲದಿಂದ ಇರುವ ಉಪಾಯ ವಾಲ್ಯೂಮ್ ಶ್ಯಾಡೊ ಕಾಪಿ ಸರ್ವಿಸ್, ಬಾಯಿಮಾತಿನಲ್ಲಿ ವಿಎಸ್‌ಎಸ್. ಅದು ಓಡುತ್ತಿರುವ ಪ್ರೋಗ್ರಾಮ್‌ಗಳಿಗೆಲ್ಲ ಒಂದು ಕ್ಷಣ ಬರೆಯುವುದನ್ನು ನಿಲ್ಲಿಸಿ ಎನ್ನುತ್ತದೆ, ಆ ಕ್ಷಣದ ಸ್ಥಿತಿಯನ್ನು ಗುರುತು ಹಾಕಿಕೊಳ್ಳುತ್ತದೆ, ಮತ್ತೆ ಬಿಟ್ಟುಬಿಡುತ್ತದೆ. ಆಮೇಲೆ ಯಾವುದಾದರೂ ಭಾಗ ಬದಲಾಗುವುದಾದರೆ, ಬದಲಾಗುವ ಮುನ್ನ ಹಳೆಯದರ ಪ್ರತಿಯನ್ನು ಬದಿಗಿಡುತ್ತದೆ. ಇಮೇಜ್ ಪ್ರೋಗ್ರಾಮ್ ಓದುವುದು ಆ ಹಿಡಿದಿಟ್ಟ ಸ್ಥಿತಿಯನ್ನು. ತಯಾರಾಗಿ ನಿಲ್ಲಲು ಪ್ರೋಗ್ರಾಮ್‌ಗಳಿಗೆ ಸಿಗುವುದು 60 ಸೆಕೆಂಡ್. ಡಿಸ್ಕಿಗೆ ಬರೆಯುವುದನ್ನು ತಡೆಹಿಡಿಯುವುದು ಹೆಚ್ಚೆಂದರೆ 10 ಸೆಕೆಂಡ್. ನಿಧಾನವಾದ ಡಿಸ್ಕಿನಲ್ಲಿ, ಅದೇ ಹೊತ್ತಿಗೆ ಆಂಟಿವೈರಸ್ ತಪಾಸಣೆಯೋ ವಿಂಡೋಸ್ ಅಪ್‌ಡೇಟೋ ನಡೆಯುತ್ತಿದ್ದರೆ ಈ ಗಡುವು ತಪ್ಪುತ್ತದೆ. ಆಗ ಬರುವುದು 800423 ಎಂದು ಶುರುವಾಗುವ ಸಂಖ್ಯೆಗಳು.

ಇವುಗಳಿಗೆ ಡಿಸ್ಕ್ ಬದಲಿಸಬೇಕಿಲ್ಲ. ಮೊದಲು ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡಿ. ಇಲ್ಲಿ ಮಾತ್ರ ಅದು ನಿಜಕ್ಕೂ ಮದ್ದು. ಸಾಲದಿದ್ದರೆ ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು ‘ವಿಎಸ್‌ಎಸ್‌ಅಡ್ಮಿನ್ ಲಿಸ್ಟ್ ರೈಟರ್ಸ್’ ಎಂದು ಕೇಳಿ. ಒಂದೊಂದು ಹೆಸರಿನ ಕೆಳಗೂ ಸ್ಥಿತಿ ‘ಸ್ಟೇಬಲ್’, ಕೊನೆಯ ದೋಷ ‘ನೋ ಎರರ್’ ಎಂದಿರಬೇಕು. ‘ಫೇಲ್ಡ್’ ಅಥವಾ ‘ಟೈಮ್ಡ್ ಔಟ್’ ಎಂದಿದ್ದರೆ ಯಾರು ಅಡ್ಡ ನಿಂತಿದ್ದಾರೆಂಬುದು ತಿಳಿಯಿತು. ಎರಡು ಬೇರೆ ಬೇರೆ ಬ್ಯಾಕಪ್ ಪ್ರೋಗ್ರಾಮ್‌ಗಳನ್ನು ಹಾಕಿಕೊಂಡು, ಎರಡಕ್ಕೂ ಒಂದೇ ರಾತ್ರಿ ಒಂದೇ ಗಂಟೆ ನಿಗದಿಪಡಿಸಿದವರಲ್ಲಿ ಈ ಜಗಳ ಹೆಚ್ಚು. ಒಂದನ್ನು ತೆಗೆದುಹಾಕಿ. ಹಳೆಯ ಶ್ಯಾಡೊ ಪ್ರತಿಗಳನ್ನೆಲ್ಲ ಅಳಿಸಿಬಿಡಿ ಎಂಬ ಸಲಹೆಯೂ ಸಿಗುತ್ತದೆ. ಅದನ್ನು ಪಾಲಿಸುವ ಮುನ್ನ, ಅದರೊಂದಿಗೆ ನಿಮ್ಮ ಸಿಸ್ಟಮ್ ರಿಸ್ಟೋರ್ ಪಾಯಿಂಟ್‌ಗಳೂ ಅಳಿಯುತ್ತವೆ ಎಂಬುದು ತಿಳಿದಿರಲಿ. 2017ರ ಮೇ ತಿಂಗಳಲ್ಲಿ ಹಬ್ಬಿದ ವಾನಾಕ್ರೈ ಎಂಬ ಸುಲಿಗೆ ತಂತ್ರಾಂಶ, ಸಿಕ್ಕಿಬಿದ್ದವರು ಹಿಂದಕ್ಕೆ ಹೋಗದಂತೆ ಮಾಡಲು ಬಳಸಿದ್ದೂ ಅದೇ ಅಳಿಸುವ ಆಜ್ಞೆಯನ್ನು.

ವಿಂಡೋಸಿನೊಳಗೇ ಇರುವ ಸಿಸ್ಟಮ್ ಇಮೇಜ್ ಸೌಲಭ್ಯವನ್ನು ಬಳಸುವವರಿಗೆ ಇನ್ನೊಂದು ವಿಚಿತ್ರ ಕಾದಿರುತ್ತದೆ. ಸಿ ಡ್ರೈವಿನಲ್ಲಿ 200 ಜಿಬಿ ಖಾಲಿ, ಹೊರಗಿನ ಡಿಸ್ಕಿನಲ್ಲಿ 1 ಟಿಬಿ ಖಾಲಿ, ಆದರೂ 80780119 ಎಂಬ ಸಂಖ್ಯೆ ತೋರಿಸಿ ‘ಜಾಗ ಸಾಲದು’ ಎನ್ನುತ್ತದೆ. ಇದು ಸುಳ್ಳಲ್ಲ, ಅರ್ಧ ಸತ್ಯ. ಜಾಗ ಸಾಲದಿರುವುದು ನೀವು ನೋಡುತ್ತಿರುವ ಡ್ರೈವಿನಲ್ಲಲ್ಲ, ಡ್ರೈವ್ ಅಕ್ಷರವೇ ಇಲ್ಲದ ಪುಟ್ಟ ರಿಕವರಿ ಪಾರ್ಟಿಷನ್ನಿನಲ್ಲಿ. ಅಲ್ಲಿಯೂ ಶ್ಯಾಡೊ ಪ್ರತಿಗೆ ಜಾಗ ಬೇಕು. ನಿಯಮ ಹೀಗಿದೆ: ಪಾರ್ಟಿಷನ್ 500 ಎಂಬಿಗಿಂತ ಚಿಕ್ಕದಾದರೆ 50 ಎಂಬಿ ಖಾಲಿ ಇರಬೇಕು, ಅದಕ್ಕಿಂತ ದೊಡ್ಡದಾದರೆ 320 ಎಂಬಿ, 1 ಜಿಬಿ ದಾಟಿದರೆ 1 ಜಿಬಿ. ಈಗ 499 ಎಂಬಿಯ ಪಾರ್ಟಿಷನ್ನಿನಲ್ಲಿ 80 ಎಂಬಿ ಖಾಲಿ ಇದೆ ಎನ್ನಿ, ಬ್ಯಾಕಪ್ ಆಗುತ್ತದೆ. ಅದೇ 80 ಎಂಬಿ 529 ಎಂಬಿಯ ಪಾರ್ಟಿಷನ್ನಿನಲ್ಲಿ ಖಾಲಿ ಇದ್ದರೆ ಆಗುವುದಿಲ್ಲ! ಮೂವತ್ತು ಎಂಬಿ ದೊಡ್ಡದಾಗಿದ್ದದ್ದೇ ತಪ್ಪಾಯಿತು. ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು ಅಲ್ಲಿರುವ ಪಾರ್ಟಿಷನ್‌ಗಳ ಗಾತ್ರ ನೋಡಿದರೆ ನಿಮ್ಮದು ಯಾವ ಗುಂಪಿಗೆ ಸೇರುತ್ತದೆಂದು ಗೊತ್ತಾಗುತ್ತದೆ.

ಈ ಪುಟ್ಟ ಪಾರ್ಟಿಷನ್ ಬೇರೆ ಕಡೆಯೂ ತಕರಾರು ತೆಗೆದಿದೆ. 2024ರ ಜನವರಿಯಲ್ಲಿ ಬಂದ ವಿಂಡೋಸ್ 10ರ ಒಂದು ಭದ್ರತಾ ಅಪ್‌ಡೇಟ್ ಅಲ್ಲಿ ಜಾಗವಿಲ್ಲದೆ ಅಸಂಖ್ಯ ಕಂಪ್ಯೂಟರ್‌ಗಳಲ್ಲಿ ವಿಫಲವಾಯಿತು. ಅದನ್ನು 250 ಎಂಬಿ ಹಿಗ್ಗಿಸಿಕೊಳ್ಳಿ ಎಂದು ಮೈಕ್ರೋಸಾಫ್ಟ್ ಜನಸಾಮಾನ್ಯರಿಗೆ ಕಮಾಂಡ್ ಪ್ರಾಂಪ್ಟಿನ ಪಾಠ ಹೇಳಿತು. ಮನೆಯ ಬಳಕೆದಾರ ಪಾರ್ಟಿಷನ್ ಕತ್ತರಿಸಿ ಜೋಡಿಸುವ ಕೆಲಸಕ್ಕೆ ಇಳಿಯಬೇಕೆನ್ನುವುದು ಅನ್ಯಾಯವೆಂದೇ ನನ್ನ ಅಭಿಪ್ರಾಯ. ಅದರ ಬದಲು ಬೇರೆ ಇಮೇಜ್ ಪ್ರೋಗ್ರಾಮ್ ಬಳಸುವುದು ಸುಲಭ. ಹೇಗೂ ವಿಂಡೋಸಿನ ಆ ಸೌಲಭ್ಯವನ್ನು 2017ರಲ್ಲೇ ಮೈಕ್ರೋಸಾಫ್ಟ್ ‘ಇನ್ನು ಬೆಳೆಸುವುದಿಲ್ಲ’ ಎಂಬ ಪಟ್ಟಿಗೆ ಸೇರಿಸಿದೆ. ಕಂಟ್ರೋಲ್ ಪ್ಯಾನೆಲ್ಲಿನಲ್ಲಿ ಅದರ ಹೆಸರಿನ ಮುಂದೆ ಇವತ್ತಿಗೂ ‘ವಿಂಡೋಸ್ 7’ ಎಂದೇ ಇದೆ.

ಬೇರೆ ಪ್ರೋಗ್ರಾಮ್ ಎಂದರೆ ಯಾವುದು? ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ಹುಟ್ಟಿದ ಘೋಸ್ಟ್ ಒಂದು ಕಾಲಕ್ಕೆ ಇಮೇಜಿಗೆ ಪರ್ಯಾಯ ಹೆಸರಾಗಿತ್ತು. ಸಿಮ್ಯಾಂಟೆಕ್ 1998ರಲ್ಲಿ ಅದನ್ನು ಕೊಂಡಿತು, ಮನೆಬಳಕೆಯ ನಾರ್ಟನ್ ಘೋಸ್ಟನ್ನು 2013ರಲ್ಲಿ ನಿಲ್ಲಿಸಿತು. ಬಹಳ ಜನ ನೆಚ್ಚಿಕೊಂಡಿದ್ದ ಮ್ಯಾಕ್ರಿಯಂ ರಿಫ್ಲೆಕ್ಟಿನ ಉಚಿತ ಆವೃತ್ತಿಯ ಬೆಂಬಲ 2024ರ ಜನವರಿ 1ಕ್ಕೆ ಮುಗಿಯಿತು. ಹಳೆಯ ಆವೃತ್ತಿಯನ್ನೇ ಇಟ್ಟುಕೊಂಡು ಹೊಸ ವಿಂಡೋಸಿನಲ್ಲಿ ದೋಷ ಬರುತ್ತಿದೆ ಎನ್ನುವವರು ಇದನ್ನು ಗಮನಿಸಬೇಕು. ಉಚಿತವಾಗಿ ಬೇಕೆಂದರೆ ವೀಮ್ ಏಜೆಂಟ್ ಇದೆ. ತೈವಾನಿನಿಂದ ಬಂದ ಕ್ಲೋನ್‌ಜಿಲ್ಲಾ ಇದೆ. ಇದು ಪೆನ್ ಡ್ರೈವಿನಿಂದ ಬೂಟ್ ಆಗುವುದರಿಂದ ವಿಂಡೋಸ್ ಆ ಹೊತ್ತಿಗೆ ಓಡುತ್ತಲೇ ಇರುವುದಿಲ್ಲ, ವಿಎಸ್‌ಎಸ್ ಜಗಳವೇ ಬೀಳುವುದಿಲ್ಲ. ಪರದೆ ನೋಡಲು ಒರಟು, ಕೆಲಸ ಅಚ್ಚುಕಟ್ಟು. ವಿಎಸ್‌ಎಸ್ ದೋಷದಿಂದ ಬೇಸತ್ತವರಿಗೆ ನನ್ನ ಮೊದಲ ಶಿಫಾರಸು ಇದೇ. ಒಂದೇ ಎಚ್ಚರಿಕೆ: ಅದನ್ನು ಬಳಸುವ ಮುನ್ನ ವಿಂಡೋಸಿನ ಫಾಸ್ಟ್ ಸ್ಟಾರ್ಟಪ್ ಬಂದ್ ಮಾಡಿ, ಪೂರ್ತಿ ಶಟ್‌ಡೌನ್ ಮಾಡಬೇಕು. ಇಲ್ಲವಾದರೆ ಡಿಸ್ಕ್ ಅರೆನಿದ್ದೆಯ ಸ್ಥಿತಿಯಲ್ಲಿದ್ದು ಕಡತವ್ಯವಸ್ಥೆ ಸರಿಯಾಗಿ ಮುಚ್ಚಿಲ್ಲವೆಂಬ ತಕರಾರು ಬರುತ್ತದೆ.

ಇಮೇಜ್ ಆಯಿತು, ಆದರೆ ಪರಿಶೀಲನೆಯಲ್ಲಿ ಅಂದರೆ ‘ವೆರಿಫೈ’ ಮಾಡುವಾಗ ಸೋತಿತು ಎನ್ನುವ ಪ್ರಸಂಗವೂ ಇದೆ. ಇಲ್ಲಿ ಒಂದು ಸರಳ ಪರೀಕ್ಷೆ ಸಾಕು. ಅದೇ ಇಮೇಜನ್ನು ಎರಡು ಸಲ ಪರಿಶೀಲಿಸಿ. ಎರಡೂ ಸಲ ಒಂದೇ ಜಾಗದಲ್ಲಿ ಸೋತರೆ ಅನುಮಾನ ಹೊರಗಿನ ಡಿಸ್ಕಿನ ಮೇಲೆ, ಇಲ್ಲವೇ ಬರೆಯುವಾಗಲೇ ತಪ್ಪಾಗಿದೆ. ಸಲಕ್ಕೊಂದು ಜಾಗದಲ್ಲಿ ಸೋತರೆ ರ‍್ಯಾಮ್ ನೋಡಿ. ಓದಿದ ಪ್ರತಿಯೊಂದು ಬೈಟೂ ರ‍್ಯಾಮ್ ಹಾದೇ ಹೋಗಬೇಕು. ಅಲ್ಲಿ ಒಂದು ಬಿಟ್ ಆಗೊಮ್ಮೆ ಈಗೊಮ್ಮೆ ತಿರುಗಿದರೂ ದಿನದ ಕೆಲಸದಲ್ಲಿ ಗೊತ್ತಾಗದು, ನೂರಾರು ಜಿಬಿ ಹರಿಸಿದಾಗ ಸಿಕ್ಕಿಬೀಳುತ್ತದೆ. ಮೆಮ್‌ಟೆಸ್ಟ್86 ಅನ್ನು ಒಂದು ರಾತ್ರಿ ಓಡಿಸಿ. ಒಂದೇ ಒಂದು ತಪ್ಪು ಬಂದರೂ ಆ ರ‍್ಯಾಮ್ ಪಟ್ಟಿಯನ್ನು ತೆಗೆದುಹಾಕುವುದೇ ಸರಿ. ಪರಿಶೀಲನೆ ಹೊತ್ತು ತಿನ್ನುತ್ತದೆ ಎಂದು ಅದನ್ನು ಆಫ್ ಮಾಡುವವರಿದ್ದಾರೆ. ಹೊತ್ತು ತಿನ್ನುವುದೇನೋ ಹೌದು. ಆದರೆ ಆಫ್ ಮಾಡಿದರೆ ಇಂಥ ದೋಷ ಕಣ್ಣಿಗೆ ಬೀಳುವುದೇ ಇಲ್ಲ; ಕಣ್ಣಿಗೆ ಬಿದ್ದರೆ ಅದೇ ಅದೃಷ್ಟ.

ದೋಷ ಕಾಣಿಸಿದರೆ ಅದು ಅದೃಷ್ಟ ಎಂದು ನಾನು ಹೇಳುವುದು ಸುಮ್ಮನೆ ಅಲ್ಲ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಎಂಬ ಸಂಸ್ಥೆಯ ಎಂಜಿನಿಯರ್ ಒಬ್ಬರು ದಣಿದ ರಾತ್ರಿಯಲ್ಲಿ ತಪ್ಪು ಸರ್ವರಿನಲ್ಲಿ ಅಳಿಸುವ ಆಜ್ಞೆ ಕೊಟ್ಟರು. ಸುಮಾರು 300 ಜಿಬಿ ದತ್ತಾಂಶ ಹೋಯಿತು. ಅವರ ಬಳಿ ಐದು ಬಗೆಯ ಬ್ಯಾಕಪ್ ಮತ್ತು ನಕಲು ವ್ಯವಸ್ಥೆಗಳಿದ್ದವು. ಒಂದೂ ನಂಬಿಕೆಗೆ ಅರ್ಹವಾಗಿರಲಿಲ್ಲ. ನಿತ್ಯದ ಬ್ಯಾಕಪ್ ಪ್ರೋಗ್ರಾಮಿನ ಆವೃತ್ತಿ ಹೊಂದದೆ ಅದು ವಿಫಲವಾಗುತ್ತಲೇ ಇತ್ತು. ವಿಫಲವಾಯಿತೆಂದು ತಿಳಿಸುವ ಇಮೇಲ್‌ಗಳನ್ನೂ ಕಳಿಸುತ್ತಿತ್ತು, ಆದರೆ ಸಹಿ ಸರಿಯಿಲ್ಲವೆಂದು ಮೇಲ್ ಸರ್ವರ್ ಅವನ್ನು ತಿರಸ್ಕರಿಸುತ್ತಿತ್ತು. ಆಕಸ್ಮಿಕವಾಗಿ ಆರು ಗಂಟೆ ಮೊದಲು ಯಾರೋ ತೆಗೆದಿಟ್ಟಿದ್ದ ಒಂದು ಸ್ನ್ಯಾಪ್‌ಶಾಟ್ ಅವರನ್ನು ಉಳಿಸಿತು. ನಡುವಿನ ಆರು ಗಂಟೆಯ ದತ್ತಾಂಶ ಮರಳಲಿಲ್ಲ. ಅವರು ಇದೆಲ್ಲವನ್ನೂ ಮುಚ್ಚಿಡದೆ ಬರೆದು ಪ್ರಕಟಿಸಿದರು ಎಂಬುದು ಮೆಚ್ಚತಕ್ಕದ್ದು.

ಮನೆಯ ಕಂಪ್ಯೂಟರಿನಲ್ಲಿ ಇಂಥದ್ದು ತಡೆಯಲು ದುಬಾರಿ ವ್ಯವಸ್ಥೆ ಬೇಡ. ಇಮೇಜ್ ಪ್ರೋಗ್ರಾಮ್ ಮಾಡಿಕೊಡುವ ರೆಸ್ಕ್ಯೂ ಪೆನ್ ಡ್ರೈವಿನಿಂದ ಒಮ್ಮೆ ಬೂಟ್ ಮಾಡಿ ನೋಡಿ. ಏನನ್ನೂ ಮರುಸ್ಥಾಪಿಸಬೇಡಿ, ಕಂಪ್ಯೂಟರಿನೊಳಗಿನ ಡಿಸ್ಕೂ ಹೊರಗಿನ ಇಮೇಜೂ ಅಲ್ಲಿ ಕಾಣುತ್ತವೆಯೇ ಎಂದಷ್ಟೇ ನೋಡಿ. ಇಂಟೆಲ್‌ನ 11ನೆಯ ಪೀಳಿಗೆ ಮತ್ತು ನಂತರದ ಪ್ರೊಸೆಸರ್ ಇರುವ ಹಲವು ಲ್ಯಾಪ್‌ಟಾಪ್‌ಗಳಲ್ಲಿ, ಆ ಪೆನ್ ಡ್ರೈವಿನಲ್ಲಿ ವಿಎಂಡಿ ಎಂಬ ಡ್ರೈವರ್ ಇಲ್ಲದಿದ್ದರೆ ಒಳಗಿನ ಎಸ್‌ಎಸ್‌ಡಿ ಕಾಣುವುದೇ ಇಲ್ಲ. ಇದು ಗೊತ್ತಾಗಬೇಕಾದದ್ದು ಇವತ್ತು, ಡಿಸ್ಕ್ ಸತ್ತ ದಿನವಲ್ಲ. ವಿಂಡೋಸಿನದೇ ಇಮೇಜ್ ಆದರೆ ಅದರ ಫೋಲ್ಡರಿನ ಹೆಸರು ಬದಲಿಸಬೇಡಿ, ಇನ್ನೊಂದು ಫೋಲ್ಡರಿನೊಳಗೆ ಸರಿಸಬೇಡಿ. ಮರುಸ್ಥಾಪಿಸುವಾಗ ಅದಕ್ಕೆ ಸಿಗುವುದಿಲ್ಲ. ಹೊಸ ಡಿಸ್ಕ್ ಹಳೆಯದರಷ್ಟಾದರೂ ದೊಡ್ಡದಿರಬೇಕೆಂದು ಅದು ಹಟ ಹಿಡಿಯುತ್ತದೆ, ಒಳಗಿನ ಮಾಹಿತಿ ಎಷ್ಟೇ ಕಡಿಮೆ ಇರಲಿ.

ಈಚಿನ ವಿಂಡೋಸ್ 11 ಇರುವ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದರೆ ಡಿಸ್ಕ್ ತಾನಾಗಿಯೇ ಗೂಢಲಿಪಿಗೆ ಬದಲಾಗಿರುತ್ತದೆ. ಬಹಳ ಜನಕ್ಕೆ ಅದು ಗೊತ್ತೇ ಇರುವುದಿಲ್ಲ. ರೆಸ್ಕ್ಯೂ ಡ್ರೈವಿನಿಂದ ಬೂಟ್ ಮಾಡಿದಾಗ ಅದು 48 ಅಂಕಿಗಳ ಬಿಟ್‌ಲಾಕರ್ ಕೀಲಿ ಕೇಳುತ್ತದೆ. ಆ ಕೀಲಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ದಾಖಲಾಗಿರುತ್ತದೆ. ಈ ವಾರವೇ ಅದನ್ನು ಕಾಗದದ ಮೇಲೆ ಮುದ್ರಿಸಿ, ಮನೆಯ ಮುಖ್ಯ ಪತ್ರಗಳ ಜೊತೆಗಿಡಿ. ಅದೇ ಕಂಪ್ಯೂಟರಿನಲ್ಲಿ ಮಾತ್ರ ಇಟ್ಟರೆ ಪ್ರಯೋಜನವಿಲ್ಲ. ಬ್ಯಾಕಪ್ ಮುಗಿದ ಮೇಲೆ ಹೊರಗಿನ ಡಿಸ್ಕನ್ನು ಕಂಪ್ಯೂಟರಿನಿಂದ ಬಿಚ್ಚಿಡಲು ಮರೆಯಬೇಡಿ.